ಹಳೆಯ ಸೀರೆ, ಹೊಸ ಕೌದಿ: ನಮ್ಮ ಸೀಮೆಯ ಕೈಕೆಲಸಗಳು

ಸೊಲ್ಲಾಪುರವೆಂದ ಕೂಡಲೇ ಪರಸ್ಥಳದವರಿಗೆ ಚಾದರ ನೆನಪಾಗುತ್ತದೆ. ಅಕ್ಕಲಕೋಟೆಯೆಂದರೆ ಸ್ವಾಮಿ ಸಮರ್ಥರ ಕ್ಷೇತ್ರ ನೆನಪಾಗುತ್ತದೆ. ಇವೆರಡೂ ನಮಗೆ ಅಭಿಮಾನದ ವಿಷಯಗಳೇ ಸರಿ. ಆದರೆ ಅಂಗಡಿಯಲ್ಲಿ ಸಿಗದ, ಬೆಲೆಯ ಚೀಟಿ ಇಲ್ಲದ ಅನೇಕ ಕೈಕೆಲಸಗಳು ಈ ಸೀಮೆಯ ಹಳ್ಳಿಗಳಲ್ಲಿವೆ. ಅವುಗಳನ್ನು ಮಾಡುವವರು ನಮ್ಮ ಮನೆಯವರೇ ಆದುದರಿಂದ ಅವು ಕಲೆಗಳೆಂದು ನಮಗೆ ತೋರುವುದಿಲ್ಲ. ಅಂಥ ಕೆಲವನ್ನು ಇಲ್ಲಿ ಪರಿಚಯಿಸಿ, ಅವುಗಳ ಹಿಂದಿನ ಯುಕ್ತಿಯನ್ನೂ ಮಾಡಿ ನೋಡುವ ಬಗೆಯನ್ನೂ ತಿಳಿಸಬೇಕೆಂದಿದ್ದೇವೆ.

ದಂಟಿನ ಬಂಡಿ

ನಮ್ಮದು ಜೋಳದ ನಾಡು. ಹಿಂಗಾರಿ ಜೋಳದಲ್ಲಿ ಹೆಸರಾದ ಮಾಲದಂಡಿ ತಳಿಯನ್ನು ಆರಿಸಿ ತೆಗೆದದ್ದು ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿಯೇ. ರಾಶಿ ಮುಗಿದ ಮೇಲೆ ಒಣಗಿದ ದಂಟು ದನಗಳಿಗೆ ಮೇವಾಗುತ್ತದೆ, ಮಕ್ಕಳಿಗೆ ಆಟಿಗೆಯಾಗುತ್ತದೆ. ದಂಟನ್ನು ಸುಲಿದರೆ ಎರಡು ಸಾಮಾನು ಸಿಗುತ್ತವೆ: ಒಳಗಿನ ಹಗುರವಾದ ಬೆಂಡು, ಹೊರಗಿನ ಗಟ್ಟಿಯಾದ ಸಿಬಿರು. ಬೆಂಡೇ ಮರ, ಸಿಬಿರೇ ಮೊಳೆ. ಸಿಬಿರನ್ನು ಚುಚ್ಚಿದಾಗ ಬೆಂಡು ಒತ್ತಿಕೊಂಡು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಅಂಟು ಬೇಡ, ದಾರ ಬೇಡ, ಕಾಸೂ ಬೇಡ. ಬಂಡಿ, ನೊಗ, ಕನ್ನಡಕ ಎಲ್ಲವನ್ನೂ ಇದರಿಂದ ಮಾಡಬಹುದು. ಸಿಬಿರಿನ ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆಂಬುದನ್ನು ಮಾತ್ರ ಮರೆಯಬಾರದು.

ಮಣ್ಣೆತ್ತು

ಜ್ಯೇಷ್ಠದ ಹುಣ್ಣಿಮೆ ಕಾರಹುಣ್ಣಿಮೆ. ಅಂದು ಹೊಲದಲ್ಲಿ ದುಡಿಯುವ ಎತ್ತುಗಳಿಗೆ ಸಿಂಗಾರ. ಹದಿನೈದು ದಿನಗಳ ಮೇಲೆ ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಣ್ಣಿನ ಜೋಡೆತ್ತುಗಳನ್ನು ಮಾಡಿ, ಮುಂದೆ ಪುಟ್ಟ ಗೋದಲಿಯನ್ನಿಟ್ಟು ಪೂಜಿಸುತ್ತಾರೆ. ಎತ್ತಿಲ್ಲದ ಮನೆಯಲ್ಲಿಯೂ ಅಂದು ಎತ್ತು ಇರುತ್ತದೆ!

ನಮ್ಮ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೂ, ಮಾಡಿದ ಎತ್ತಿನ ಕಾಲು ಮುರಿಯುವುದೂ ಒಂದೇ ಕಾರಣದಿಂದ. ಆದ್ದರಿಂದ ಮಣ್ಣಿಗೆ ಸ್ವಲ್ಪ ಮರಳು, ಜರಡಿ ಹಿಡಿದ ಬೂದಿ ಅಥವಾ ಒಣ ಲದ್ದಿ ಬೆರೆಸಬೇಕು. ಮರಳು ಕುಗ್ಗುವುದನ್ನು ತಡೆಯುತ್ತದೆ; ಲದ್ದಿಯ ಎಳೆಗಳು ಮಣ್ಣನ್ನು ಹಿಡಿದಿಡುತ್ತವೆ. ಕಾಲು ಮತ್ತು ಕೊರಳನ್ನು ಬೇರೆ ಮಾಡಿ ಅಂಟಿಸುವುದಕ್ಕಿಂತ ಒಂದೇ ಮುದ್ದೆಯಿಂದ ಎಳೆದು ತೆಗೆದರೆ ಗಟ್ಟಿ. ನೆರಳಿನಲ್ಲಿಯೇ ಒಣಗಿಸಬೇಕು. ಮುಂದೆ ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಾಡುವ ಗುಳ್ಳವ್ವನಿಗೂ ಇದೇ ಹದ ಸಾಕು. ಅವಳ ಆಭರಣಗಳು ಕುಸುಬಿ ಮತ್ತು ಗುಲಗಂಜಿ. ಗುಲಗಂಜಿ ವಿಷದ ಕಾಳು. ಚಿಕ್ಕ ಮಕ್ಕಳ ಕೈಗೆ ಕೊಡಬಾರದು.

ಕೌದಿ

ಈಗ ಎಲ್ಲಕ್ಕಿಂತ ದೊಡ್ಡ ಕೆಲಸಕ್ಕೆ ಬರೋಣ. ನಾವು ಕೌದಿ ಎನ್ನುವುದನ್ನು ಮರಾಠಿ ಮಾತಾಡುವ ನೆರೆಯವರು ಗೋಧಡಿ ಅಥವಾ ವಾಕಳ ಎನ್ನುತ್ತಾರೆ. ಸೊಲ್ಲಾಪುರದ ತೆಲುಗು ಮನೆಗಳಲ್ಲಿ ಅದು ಬೊಂತ. ಹೆಸರು ಬೇರೆ, ಸೂಜಿ ಒಂದೇ. ಬಂಗಾಳದ ಕಾಂಥಾ ಕೂಡ ಇದರ ಬಳಗದ್ದೇ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಿ ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕೊನೆಯ ತೇಪೆ ಮುಚ್ಚುವ ಮೊದಲು ಅವರಲ್ಲಿ ಕೆಲವರು ನಾಲ್ಕು ಅಕ್ಕಿಕಾಳು ಒಳಗಿಡುತ್ತಾರೆ. ಕವಂದಿಯ ಹೊಟ್ಟೆ ಬರಿದಾಗಿರಬಾರದೆಂಬುದು ಅದರ ಭಾವನೆ.

ಕೌದಿ ಏಕೆ ಬೆಚ್ಚಗಿರುತ್ತದೆ? ಅರಿವೆಯೇ ಬಿಸಿಯನ್ನು ಕೊಡುವುದಿಲ್ಲ. ಪದರು ಪದರುಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲುಗಾಡದ ಗಾಳಿ ಉಷ್ಣದ ಮಂದವಾಹಕವೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಅದು ಮೈಯ ಬಿಸಿಯನ್ನು ಹೊರಗೆ ಹೋಗಗೊಡುವುದಿಲ್ಲ. ಸಾಲುಹೊಲಿಗೆಗೆ ಎರಡು ಕೆಲಸ: ಪದರುಗಳು ಸರಿದಾಡದಂತೆ ಹಿಡಿಯುವುದು, ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕೂಡಿಹಾಕುವುದು.

ಶಾಲೆಯಲ್ಲಿ ಒಮ್ಮೆಲೇ ದೊಡ್ಡ ಕೌದಿ ಹೊಲಿಯುವುದು ಕಷ್ಟ. ಕುಳಿತುಕೊಳ್ಳಲು ಒಂದೂವರೆ ಅಡಿ ಚೌಕದ ಆಸನವನ್ನು ಹೀಗೆ ಮಾಡಬಹುದು:

೧. ಹಳೆಯ ಹತ್ತಿಯ ಸೀರೆ ಅಥವಾ ಧೋತರವನ್ನು ಒಗೆದು ಒಣಗಿಸಿ ಮೂರು ಚೌಕಗಳನ್ನು ಕತ್ತರಿಸಿರಿ. ಅಡಿಯ ಅರಿವೆ ಮಾತ್ರ ನಾಲ್ಕೂ ಬದಿಗೆ ಎರಡೆರಡು ಅಂಗುಲ ಹೆಚ್ಚಿರಲಿ. ಪಾಲಿಯೆಸ್ಟರ್ ಬೇಡ; ಅದು ಜಾರುತ್ತದೆ, ಬೆವರನ್ನು ಹೀರುವುದಿಲ್ಲ.

೨. ಸಾರಿಸಿದ ನೆಲದ ಮೇಲೆ ಒಂದರ ಮೇಲೊಂದು ಹಾಸಿ, ಅಂಗೈಯಿಂದ ನೆರಿಗೆ ತೆಗೆದು, ಮೂಲೆಗಳಿಗೆ ಕಲ್ಲು ಹೇರಿರಿ. ನಡುವಿನಿಂದ ಹೊರಕ್ಕೆ ಉದ್ದುದ್ದ ಕಚ್ಚಾಹೊಲಿಗೆ ಹಾಕಿರಿ.

೩. ಅಡಿಯ ಅರಿವೆಯ ಅಂಚನ್ನು ಮೇಲಕ್ಕೆ ಮಡಿಸಿ ಸುತ್ತಲೂ ಹೊಲಿಯಿರಿ.

೪. ಬಣ್ಣದ ತುಂಡುಗಳ ಅಂಚನ್ನು ಒಳಕ್ಕೆ ಮಡಿಸಿ, ಹೊರಗಿನಿಂದ ನಡುವಿನ ಕಡೆಗೆ ಸುತ್ತು ಸುತ್ತಾಗಿ ಹೊಲಿಯುತ್ತ ಬನ್ನಿರಿ. ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರವಿರಲಿ.

೫. ಕೊನೆಗೆ ಕಚ್ಚಾಹೊಲಿಗೆಯನ್ನು ಬಿಚ್ಚಿರಿ.

ಹೊಲಿಯುವ ಮುನ್ನ ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬರು ಹೊದೆಯುವ ಕೌದಿ ೧೮೦ ಸೆಂಟಿಮೀಟರ್ ಉದ್ದ, ೧೨೦ ಸೆಂಟಿಮೀಟರ್ ಅಗಲವೆಂದಿಟ್ಟುಕೊಳ್ಳೋಣ. ಎರಡು ಸೆಂಟಿಮೀಟರಿಗೊಂದು ಸಾಲೆಂದರೆ ೬೦ ಸಾಲು. ಸೆಂಟಿಮೀಟರಿಗೆ ಒಂದೇ ಹೊಲಿಗೆಯೆಂದರೂ ಒಟ್ಟು ೧೦,೮೦೦ ಹೊಲಿಗೆಗಳು! ಅಡಿಗೆ, ನೀರು, ಹೊಲದ ಕೆಲಸ ಮುಗಿಸಿ, ಮಧ್ಯಾಹ್ನದ ಬಿಡುವಿನಲ್ಲಿ ಕಟ್ಟೆಯ ಮೇಲೆ ಕುಳಿತು ನಮ್ಮ ಅಜ್ಜಿಯರು ಹಾಕಿದ ಹೊಲಿಗೆಗಳಿವು. ಇವುಗಳಿಗೆ ಯಾರೂ ಕೂಲಿ ಲೆಕ್ಕ ಹಾಕಿಲ್ಲ. ನಾವು ಅದನ್ನು ಹೊದ್ದು ಬೆಳೆದೆವು, ಆದರೆ ಎಣಿಸಿ ನೋಡಲಿಲ್ಲ.

ಚಾದರದ ಚಿತ್ರ

ಸೊಲ್ಲಾಪುರದಲ್ಲಿ ೧೮೭೭ರಲ್ಲಿ ದೊಡ್ಡ ಬಟ್ಟೆ ಗಿರಣಿ ಆರಂಭವಾಯಿತು. ಜನರು ಅದನ್ನು ಜೂನಿ ಮಿಲ್ಲು ಎಂದೇ ಕರೆದರು. ಗಿರಣಿಗಳ ಜೊತೆಗೆ ತೆಲುಗು ಸೀಮೆಯಿಂದ ಬಂದ ಪದ್ಮಶಾಲಿ ನೇಕಾರರ ಮಗ್ಗಗಳೂ ಊರನ್ನು ಬೆಳೆಸಿದವು. ಚಾದರದ ಮೇಲೆ ನವಿಲು, ಹೂವು ಮೂಡುವುದು ಜಕಾರ್ಡ್ ಎಂಬ ಸಲಕರಣೆಯಿಂದ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ಇದನ್ನು ೧೮೦೪ರ ಸುಮಾರಿಗೆ ರೂಪಿಸಿದನು. ತೂತುಗಳಿರುವ ರಟ್ಟಿನ ಮಾಲೆ ಮಗ್ಗದ ಮೇಲೆ ತಿರುಗುತ್ತದೆ. ತೂತಿದ್ದಲ್ಲಿ ಹಾಸಿನ ನೂಲು ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗುಳಿಯುತ್ತದೆ. ಹೌದು, ಇಲ್ಲ ಎಂಬ ಎರಡೇ ಮಾತಿನಿಂದ ಇಡೀ ನವಿಲು ಮೂಡುತ್ತದೆ. ಮುಂದೆ ಗಣಕಯಂತ್ರಗಳಿಗೂ ಇಂಥ ತೂತಿನ ರಟ್ಟುಗಳನ್ನೇ ಬಳಸಿದರು.

ಇದನ್ನು ಚೌಕಳಿ ಕಾಗದದಲ್ಲಿ ಮಾಡಿ ನೋಡಬಹುದು. ಹೂವೊಂದನ್ನು ಕಪ್ಪು ಮನೆಗಳಿಂದ ತುಂಬಿರಿ. ಕೆಂಪು ಕಾಗದದ ಪಟ್ಟಿಗಳನ್ನು ಹಾಸು ಮಾಡಿ, ಬಿಳಿಯ ಪಟ್ಟಿಗಳನ್ನು ಹೊಕ್ಕಾಗಿ ಹಾಯಿಸಿರಿ. ಕಪ್ಪು ಮನೆ ಬಂದಲ್ಲಿ ಹೊಕ್ಕು ಕೆಳಗೆ, ಬಿಳಿ ಮನೆ ಬಂದಲ್ಲಿ ಮೇಲೆ. ಮುಂದೆ ಕೆಂಪು ಹೂವು ಕಾಣುತ್ತದೆ. ಹಿಂದೆ ತಿರುಗಿಸಿದರೆ ಬಿಳಿ ಹೂವು. ಚಾದರದ ಎರಡು ಬದಿಗಳಲ್ಲಿ ಬಣ್ಣ ಅದಲುಬದಲಾಗಿ ಕಾಣುವುದೂ ಇಂಥದ್ದೇ.

೧೯೯೯ರ ಕಾನೂನಿನಂತೆ ಸೊಲ್ಲಾಪುರದ ಚಾದರಕ್ಕೆ ೨೦೦೫-೦೬ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಬೇರೆಡೆ ನೇಯ್ದುದಕ್ಕೆ ಈ ಊರಿನ ಹೆಸರು ಹಚ್ಚಿ ಮಾರುವಂತಿಲ್ಲ. ಚಾದರಕ್ಕೆ ಕಾನೂನಿನ ಕಾವಲಾಯಿತು. ಆದರೆ ದಂಟಿನ ಬಂಡಿಗೆ, ಮಣ್ಣೆತ್ತಿಗೆ, ಮನೆಯ ಕೌದಿಗೆ ಅಂಥ ಕಾವಲಿಲ್ಲ. ಅಗ್ಗದ ಗಿರಣಿ ರಗ್ಗುಗಳು ಮನೆಮನೆಗೆ ಬಂದಿವೆ. ಮೆತ್ತಗಾದ ಹತ್ತಿಯ ಸೀರೆಗಳು ಕಡಿಮೆಯಾಗಿವೆ. ಸೂಜಿ ಹಿಡಿದ ಕೈಗಳಿಗೆ ವಯಸ್ಸಾಗಿದೆ. ಕಲಿಯುವವರಿಲ್ಲದಿದ್ದರೆ ಆ ಕೈಗಳ ಜೊತೆಗೇ ಈ ವಿದ್ಯೆಯೂ ಹೋಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಬರುವ ರಜೆಯಲ್ಲಿ ಅಜ್ಜಿಯ ಬಳಿ ಕುಳಿತು ಒಂದು ಸಾಲನ್ನಾದರೂ ಹೊಲಿಯಿರಿ. ಆಕೆ ಹೊಲಿಗೆಗೆ, ತೇಪೆಗೆ, ಮೂಲೆಗೆ ಹೇಳುವ ಹೆಸರುಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಿರಿ. ಅವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಕನ್ನಡದ ಮಾತುಗಳು.