ಅತ್ಯಾಚಾರದ ನಂತರದ ಡಿಎನ್‌ಎ ಪರೀಕ್ಷೆ: ಆಸ್ಪತ್ರೆಯಿಂದ ಲ್ಯಾಬಿನವರೆಗೆ

ಮೊದಲು ಠಾಣೆಗೆ ಹೋಗಬೇಕು, ಪೊಲೀಸರ ಪತ್ರ ಇದ್ದರಷ್ಟೇ ಡಾಕ್ಟರು ಪರೀಕ್ಷೆ ಮಾಡುತ್ತಾರೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಅದು ತಪ್ಪು. ಪತ್ರವಿಲ್ಲವೆಂದು ಸಂತ್ರಸ್ತೆಯರನ್ನು ವಾಪಸು ಕಳಿಸುವ ಸರ್ಕಾರಿ ವೈದ್ಯರ ಧೋರಣೆಯನ್ನು ಸುಪ್ರೀಂ ಕೋರ್ಟ್ 2000ದಲ್ಲೇ, ಅದೂ ಕರ್ನಾಟಕದ ಪ್ರಕರಣವೊಂದರಲ್ಲೇ, ಖಂಡಿಸಿದೆ. ಅಲೆದಾಟದಲ್ಲಿ ಕಳೆಯುವ ಹೊತ್ತಿಗೆ ಸಾಕ್ಷ್ಯವೇ ಅಳಿದುಹೋಗುತ್ತದೆ.

ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ನಿರಾಕರಿಸಿದರೆ ಹೊಣೆಗಾರರಿಗೆ ಒಂದು ವರ್ಷದವರೆಗೆ ಜೈಲು. ಪೊಲೀಸರಿಗೆ ವಿಷಯ ತಿಳಿಸುವುದು ಆಸ್ಪತ್ರೆಯ ಕರ್ತವ್ಯ. ಆದರೆ ಸಂತ್ರಸ್ತೆ ವಯಸ್ಕಳಾಗಿದ್ದರೆ ದೂರು ಕೊಡುವ ತೀರ್ಮಾನ ಆಕೆಯದು. ಚಿಕಿತ್ಸೆಗೆ, ಪರೀಕ್ಷೆಗೆ, ಮಾದರಿ ತೆಗೆಯುವುದಕ್ಕೆ ಬೇರೆಬೇರೆಯಾಗಿ ಒಪ್ಪಿಗೆ ಕೇಳಬೇಕು. ಯಾವುದಕ್ಕಾದರೂ ಬೇಡ ಎನ್ನಬಹುದು, ಹಾಗೆಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲುವಂತಿಲ್ಲ. ಎರಡು ಬೆರಳಿನ ಪರೀಕ್ಷೆಗಂತೂ ಜಾಗವೇ ಇಲ್ಲ. ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸಾರಿದೆ.

ಇಲ್ಲಿ ಹೊತ್ತು ಬಹಳ ಮುಖ್ಯ. ಮೈಯಲ್ಲಿ ವೀರ್ಯಾಣು ಸಿಗುವ ಸಾಧ್ಯತೆ 72 ಗಂಟೆಗಳ ನಂತರ ತೀರಾ ಕುಗ್ಗುತ್ತದೆ. ಆದರೂ ಘಟನೆಯ ಸಮಯ ನೆನಪಿನಲ್ಲಿ ಕಲಸಿಹೋಗಿರಬಹುದೆಂದು 96 ಗಂಟೆಗಳವರೆಗೆ ಸ್ವಾಬ್ (ಹತ್ತಿಯ ಕಡ್ಡಿಯ ಮಾದರಿ) ತೆಗೆಯಬೇಕೆನ್ನುತ್ತದೆ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ. ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗುವುದು ಒಳ್ಳೆಯದು. ಸ್ನಾನ ಆಗಿಹೋಗಿದ್ದರೆ? ಹಿಂಜರಿಯಬೇಡಿ, ಹೋಗಿ. ಮೈ ತೊಳೆದುಕೊಳ್ಳಬೇಕೆನಿಸುವುದು ಸಹಜ, ಅದು ಯಾರ ತಪ್ಪೂ ಅಲ್ಲ. ಒಗೆಯದ ಒಳಉಡುಪು, ಹಾಸಿಗೆಯ ಮೇಲಿನ ಕಲೆ ವಾರಗಳ ನಂತರವೂ ಮಾತಾಡಬಲ್ಲವು.

ವೈದ್ಯರು ಗುಪ್ತಾಂಗ, ಬಾಯಿ, ಕಚ್ಚಿದ ಅಥವಾ ನೆಕ್ಕಿದ ಜಾಗಗಳಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆಯುತ್ತಾರೆ. ಉಗುರು ಕತ್ತರಿಸಿಕೊಳ್ಳುತ್ತಾರೆ, ಹೋಲಿಕೆಗೆಂದು ಆಕೆಯದೇ ರಕ್ತವನ್ನೂ ಪಡೆಯುತ್ತಾರೆ. ಸ್ವಾಬ್‌ಗಳನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಕವರಿಗೇ ಹಾಕಬೇಕು. ಪ್ಲಾಸ್ಟಿಕ್ಕಿನಲ್ಲಿ ತೇವ ಉಳಿದು ಬ್ಯಾಕ್ಟೀರಿಯಾ ಬೆಳೆದರೆ ಡಿಎನ್‌ಎ ಹಾಳಾಗುತ್ತದೆ. ಮನೆಯಲ್ಲಿ ಬಟ್ಟೆ ಎತ್ತಿಡುವವರೂ ಇದನ್ನು ನೆನಪಿಡಬೇಕು: ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ. ಅತ್ಯಾಚಾರದಿಂದ ಗರ್ಭ ನಿಂತು ಗರ್ಭಪಾತ ಮಾಡಿಸಿದರೆ ಆ ಅಂಗಾಂಶವೂ ಸಾಕ್ಷ್ಯ. ಆದರೆ ಅದನ್ನು ಫಾರ್ಮಾಲಿನ್‌ನಲ್ಲಿ ಇಡಬಾರದು. ಪ್ರತಿ ಕವರಿಗೂ ಸೀಲು, ಕೈ ಬದಲಾದಾಗಲೆಲ್ಲ ಸಹಿ ಬೇಕು. ಸ್ವಂತವಾಗಿ ಖಾಸಗಿ ಲ್ಯಾಬಿಗೆ ಕಳಿಸಿದ ಮಾದರಿಗೆ ಈ ಸರಪಳಿ ಇರುವುದಿಲ್ಲ, ಹಾಗಾಗಿ ಕೋರ್ಟಿನಲ್ಲಿ ಅದು ಸುಲಭವಾಗಿ ಪ್ರಶ್ನೆಗೊಳಗಾಗುತ್ತದೆ.

ಮಾದರಿಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ರಾಜ್ಯದ ಮುಖ್ಯ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಸ್ವಾಬ್‌ನಲ್ಲಿ ಬಹುಪಾಲು ಇರುವುದು ಸಂತ್ರಸ್ತೆಯದೇ ಜೀವಕೋಶ. ಅದರೊಳಗಿಂದ ವೀರ್ಯಾಣುವನ್ನು ಬೇರ್ಪಡಿಸುವ ದಾರಿಯನ್ನು ಬ್ರಿಟನ್ನಿನ ವಿಜ್ಞಾನಿಗಳು 1985ರಲ್ಲಿ ತೋರಿಸಿಕೊಟ್ಟರು. ಡಿಟರ್ಜೆಂಟ್ ಮತ್ತು ಕಿಣ್ವ ಸೇರಿಸಿದರೆ ಆಕೆಯ ಕೋಶಗಳು ಒಡೆಯುತ್ತವೆ. ಗಂಧಕದ ಬಂಧಗಳಿಂದ ಗಟ್ಟಿಯಾಗಿರುವ ವೀರ್ಯಾಣುವಿನ ತಲೆ ಮಾತ್ರ ಉಳಿದುಕೊಳ್ಳುತ್ತದೆ. ಆ ಬಂಧ ಮುರಿಯುವ ಬೇರೊಂದು ರಾಸಾಯನಿಕವನ್ನು ಆಮೇಲೆ ಹಾಕಿದಾಗ ಗಂಡಸಿನ ಡಿಎನ್‌ಎ ಪ್ರತ್ಯೇಕವಾಗಿ ಕೈಗೆ ಸಿಗುತ್ತದೆ. ವೀರ್ಯಾಣುವೇ ಇಲ್ಲದಿದ್ದರೆ, ಆರೋಪಿಗೆ ಸಂತಾನಹರಣ ಚಿಕಿತ್ಸೆ ಆಗಿದ್ದರೆ, ಗಂಡಸರಲ್ಲಿರುವ ವೈ ಕ್ರೋಮೋಸೋಮನ್ನಷ್ಟೇ ಹುಡುಕುವ ವೈ-ಎಸ್‌ಟಿಆರ್ ಪರೀಕ್ಷೆ ಇದೆ. ಅದಕ್ಕೊಂದು ಮಿತಿ ಉಂಟು: ತಂದೆ, ಮಗ, ಅಣ್ಣತಮ್ಮಂದಿರ ವೈ ಸಾಮಾನ್ಯವಾಗಿ ಒಂದೇ ಆಗಿರುವುದರಿಂದ ಒಬ್ಬನನ್ನೇ ಬೆರಳಿಟ್ಟು ತೋರಿಸಲಾಗದು.

ಹೋಲಿಸಲು ಆರೋಪಿಯ ಮಾದರಿ ಬೇಕೇ ಬೇಕು. ಸಂಗ್ರಹದಲ್ಲಿ ಹುಡುಕಿ ಹೋಲಿಸುವ ದಾರಿಯೂ ತೆರೆಯಲಿಲ್ಲ: ಅಪರಾಧಿಗಳ ಡಿಎನ್‌ಎ ಸಂಗ್ರಹಕ್ಕೆಂದು ತಂದಿದ್ದ ಮಸೂದೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಹಿಂಪಡೆಯಿತು.

ವರದಿಯಲ್ಲಿ ಏನೂ ಸಿಗಲಿಲ್ಲವೆಂದರೆ ಅತ್ಯಾಚಾರವೇ ನಡೆದಿಲ್ಲ ಎಂದರ್ಥವಲ್ಲ. ಕಾಂಡೋಮ್, ಸ್ನಾನ, ತಡ, ಕೆಟ್ಟ ಪ್ಯಾಕಿಂಗ್, ಹೀಗೆ ಕಾರಣ ಹಲವು. ಸಂತ್ರಸ್ತೆಯ ನಂಬಲರ್ಹವಾದ ಹೇಳಿಕೆಯೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ಆಸ್ಪತ್ರೆ ಬಿಡುವ ಮುನ್ನ ಇನ್ನೆರಡು ಕೇಳಿ: 72 ಗಂಟೆಯೊಳಗೆ ಶುರುವಾಗಬೇಕಾದ ಎಚ್‌ಐವಿ ತಡೆಯ ಔಷಧಿ ಮತ್ತು ವೈದ್ಯಕೀಯ ವರದಿಯ ಉಚಿತ ಪ್ರತಿ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181, ಮಕ್ಕಳಿಗೆ 1098.