ವಕೀಲಿಯ ಕಾಯಕ, ವಚನದ ದಾಸೋಹ

ನಮ್ಮ ಕಿಬ್ಬನಹಳ್ಳಿಯ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿದ ಮೇಲೆ ಅದು ನೀರಿಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರುಷ ಕಾಯಬೇಕು. ಅದೇ ಅಟ್ಟದ ಮೂಲೆಯಲ್ಲಿ ಹಿರಿಯರು ಬಟ್ಟೆಯಲ್ಲಿ ಸುತ್ತಿಟ್ಟ ತಾಳೆಗರಿಯ ಕಟ್ಟುಗಳೂ ಕೆಲವು ಮನೆಗಳಲ್ಲಿ ಇರುವುದುಂಟು. ನಮ್ಮ ಜಿಲ್ಲೆಯ ಎಡೆಯೂರಿನಲ್ಲಿ ನೆಲೆಗೊಂಡ ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯ ಪರಂಪರೆಯು ಶತಮಾನಗಳ ಹಿಂದೆ ಶರಣರ ವಚನಗಳನ್ನು ಕಲೆಹಾಕಿ ಉಳಿಸಿತು. ಆ ನಿಧಿಯನ್ನು ಅಚ್ಚಿನ ಕಾಲಕ್ಕೆ ದಾಟಿಸಿದವರಲ್ಲಿ ಅಗ್ರಗಣ್ಯರು ವಿಜಯಪುರದ ಹಿರಿಯ ವಕೀಲರಾದ ರಾವ್ ಬಹದ್ದೂರ್ ಫ.ಗು. ಹಳಕಟ್ಟಿಯವರು.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಮುಂಬಯಿಯಲ್ಲಿ ವ್ಯಾಸಂಗ ಮಾಡಿ 1904ರಲ್ಲಿ ಕಾನೂನು ಪದವಿ ಪಡೆದರು. ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ನಡೆಸಿ, ಅಂದಿನ ಬಿಜಾಪುರದಲ್ಲಿ ನೆಲೆಸಿ, ಅಲ್ಲಿಯೇ ಸರಕಾರಿ ವಕೀಲರಾದರು. ಸರಕಾರದ ಮನ್ನಣೆ, ಕಕ್ಷಿಗಾರರ ನಂಬಿಕೆ ಎರಡೂ ಇದ್ದವು. ಅಷ್ಟಕ್ಕೇ ತೃಪ್ತರಾಗಿದ್ದರೆ ಸುಖಜೀವನಕ್ಕೆ ಕೊರತೆಯಿರಲಿಲ್ಲ. ಆದರೆ 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಸ್ಥಾಪನೆಗೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಅವರು ಹೆಗಲು ಕೊಟ್ಟರು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾದರು.

ಇಷ್ಟರ ನಡುವೆಯೂ ಅವರು ಊರೂರು ಅಲೆದು ತಾಳೆಗರಿಗಳನ್ನು ಸಂಗ್ರಹಿಸಿದರು. ದಾಖಲೆಯನ್ನು ಪರಿಶೀಲಿಸದೆ ವಾದ ಹೂಡದಿರುವುದು ವಕೀಲನ ಧರ್ಮ. ಆ ಶಿಸ್ತನ್ನೇ ಅವರು ವಚನಗಳಿಗೂ ಅನ್ವಯಿಸಿ, ಪ್ರತಿಗಳನ್ನು ಹೋಲಿಸಿ ಪಾಠವನ್ನು ಸಿದ್ಧಪಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಕು ಕಂಡಿತು. ವಾಸದ ಮನೆಯನ್ನೇ ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಗೌರವಗಳು ಬಂದವು, ಬಡತನ ಮಾತ್ರ ಬಿಡಲಿಲ್ಲ. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಗಳಿಸಿದ್ದು ಕಾಯಕ, ಸಮಾಜಕ್ಕೆ ಸಲ್ಲಿಸಿದ್ದು ದಾಸೋಹ. ಇವೆರಡನ್ನೂ ಅಗಲಿಸದೆ ಬಾಳಿದ್ದರಿಂದಲೇ ಅವರು 'ವಚನ ಪಿತಾಮಹ'ರೆನಿಸಿದರು.

ಇಂದು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮನೆಗಳ ಮಕ್ಕಳೂ ಕಪ್ಪು ಕೋಟು ತೊಟ್ಟು ನ್ಯಾಯಾಲಯಗಳಲ್ಲಿ ನಿಲ್ಲುತ್ತಿದ್ದಾರೆ. ಅವರನ್ನು ಹರಸುವಾಗ ತಾಯಿತಂದೆಗಳು ಹಳಕಟ್ಟಿಯವರ ಕಥೆಯನ್ನೂ ಹೇಳಲಿ. ಮುಂದಿನ ಬಾರಿ ಅಟ್ಟದಿಂದ ಕೊಬ್ಬರಿ ಇಳಿಸುವಾಗ ಮೂಲೆಯ ಗಂಟನ್ನೂ ಒಮ್ಮೆ ಬಿಚ್ಚಿ ನೋಡಿ. ಗೆದ್ದಲಿಗೆ ಆಹಾರವಾಗುವ ಮುನ್ನ ಅದನ್ನು ಸಮೀಪದ ಮಠಕ್ಕೋ ವಿಶ್ವವಿದ್ಯಾಲಯಕ್ಕೋ ಒಪ್ಪಿಸುವುದೇ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಶರಣು.