ಶಿಕಾರಿಪುರದ ಲೆಡ್ಜರಿನಲ್ಲಿ ವಿಶಿಯ ತೊಂಬತ್ತೇಳು

ಶಿಕಾರಿಪುರದ ಹುಚ್ಚರಾಯಸ್ವಾಮಿ ದೇವಸ್ಥಾನದಿಂದ ತುಸು ದೂರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ. ಅವರ ಬೀರುವಿನಲ್ಲೊಂದು ದಪ್ಪ ಲೆಡ್ಜರ್ ಇದೆ. ಅಡಿಕೆ ಲೆಕ್ಕಕ್ಕೆಂದು ತಂದದ್ದಂತೆ. ಒಳಗೆ ಪುಟ ಪುಟವೂ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್, ಅಂದರೆ ವಿಶಿ. ಭದ್ರಾವತಿಯಲ್ಲಿ ಹುಟ್ಟಿದ ಹುಡುಗ ನಮ್ಮ ಜಿಲ್ಲೆಯವನೇ ಎಂಬ ಅಭಿಮಾನದಿಂದ ಕತ್ತರಿಸಿ ಅಂಟಿಸಿದ ಪತ್ರಿಕಾ ತುಣುಕುಗಳು.

‘ಇನ್ನೂರ ಇಪ್ಪತ್ತೆರಡು ರನ್ನಿನ ಇನಿಂಗ್ಸ್ ಆಮೇಲೆ ನೋಡುವಿರಂತೆ, ಮೊದಲು ಇದನ್ನು ನೋಡಿ’ ಎಂದು ಮೇಷ್ಟ್ರು ತೆರೆದದ್ದು 1975ರ ಜನವರಿಯ ಪುಟ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ಅಂಕಿ: ಔಟಾಗದೆ 97.

ಅವರ ಆಯ್ಕೆ ಸರಿಯಾದದ್ದೇ. ಚೆಪಾಕ್‌ನಲ್ಲಿ ಆ್ಯಂಡಿ ರಾಬರ್ಟ್ಸ್ 64 ರನ್‌ಗೆ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಉರುಳಿಸಿದ ದಿನವದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರನ್ ಐದಡಿ ಮೂರಂಗುಲದ ಒಬ್ಬನೇ ಆಳಿನದು. ಶತಕಕ್ಕೆ ಮೂರೇ ರನ್ ಬಾಕಿ ಇದ್ದಾಗ ಕೊನೆಯ ಆಟಗಾರ ಚಂದ್ರಶೇಖರ್ ಔಟಾದರು. ವೆಸ್ಟ್ ಇಂಡೀಸ್‌ಗೆ ಸಿಕ್ಕ ಮುನ್ನಡೆ ಎರಡೇ ರನ್. ಆಮೇಲೆ ಪ್ರಸನ್ನ, ಬೇಡಿ ಕೈಚಳಕ ತೋರಿದರು. ಭಾರತ ನೂರು ರನ್‌ಗಳಿಂದ ಗೆದ್ದಿತು. ದಾಖಲೆ ಪುಸ್ತಕದ ಶತಕಗಳ ಪಟ್ಟಿಯಲ್ಲಿ ಈ ಇನಿಂಗ್ಸ್‌ಗೆ ಜಾಗವಿಲ್ಲ. ವಿಶ್ವನಾಥ್ ಆಡಿದ ಅತ್ಯುತ್ತಮ ಆಟ ಮಾತ್ರ ಇದೇ.

ಉಳಿದ ಪುಟಗಳಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಮೈಸೂರು ಪರ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟ್‌ನಲ್ಲಿ ಸೊನ್ನೆ, ಮರು ಇನಿಂಗ್ಸ್‌ನಲ್ಲಿ 137. ಒಟ್ಟು 91 ಟೆಸ್ಟ್, 6080 ರನ್, 14 ಶತಕ. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ. 1981ರ ಮೆಲ್ಬರ್ನ್‌ನಲ್ಲಿ ತಂಡ 237ಕ್ಕೆ ಮುಗಿದಾಗ 114 ರನ್ ಅವರದೇ. ಆ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ಕೊನೆಗೆ 83ಕ್ಕೆ ಕುಸಿಯಿತು.

ಆದರೆ ಲೆಡ್ಜರಿನಲ್ಲಿ ಮೇಷ್ಟ್ರ ಟಿಪ್ಪಣಿ ದಟ್ಟವಾಗಿರುವುದು ರನ್ನಿಗೆ ಸಂಬಂಧವೇ ಇಲ್ಲದ ಪುಟದ ಅಂಚಿನಲ್ಲಿ. 1980ರ ಫೆಬ್ರುವರಿ, ಮುಂಬಯಿಯ ವಾಂಖೆಡೆ, ಸುವರ್ಣ ಮಹೋತ್ಸವದ ಟೆಸ್ಟ್. ವಿಶ್ವನಾಥ್ ನಾಯಕ. ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡ ಮೇಲೆ ಬಂದ ಬಾಬ್ ಟೇಲರ್ ಬೋಥಮ್ ಜೊತೆ ನಿಂತಿದ್ದರು. ಕಪಿಲ್ ದೇವ್ ಎಸೆತಕ್ಕೆ ಟೇಲರ್ ಕ್ಯಾಚ್ ಕೊಟ್ಟರೆಂದು ಅಂಪೈರ್ ಹನುಮಂತರಾವ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೆ ಅನಿಸಿತು. ಅಂಪೈರ್ ಬಳಿ ಮಾತಾಡಿ ಟೇಲರ್ ಅವರನ್ನು ಮರಳಿ ಕರೆಸಿದರು.

ಬೋಥಮ್–ಟೇಲರ್ ಜೊತೆಯಾಟ 171 ರನ್‌ಗೆ ಬೆಳೆಯಿತು. ಬೋಥಮ್ 114 ಹೊಡೆದರು, ಪಂದ್ಯದಲ್ಲಿ 13 ವಿಕೆಟ್ ಕೂಡ ಕಿತ್ತರು. ಭಾರತಕ್ಕೆ ಹತ್ತು ವಿಕೆಟ್ ಸೋಲು. ಆ ಔದಾರ್ಯ ದುಬಾರಿಯಾಯಿತೆಂದು ಈಗಲೂ ವಾದಿಸುವವರಿದ್ದಾರೆ. ಆ ವಾದ ಒಪ್ಪುವಂಥದ್ದಲ್ಲ: ಔಟಲ್ಲ ಎಂದು ತನಗೆ ಖಚಿತವಾಗಿ ಗೊತ್ತಿರುವ ವಿಕೆಟನ್ನು ನಾಯಕನಾದವನು ಇಟ್ಟುಕೊಳ್ಳುವುದಾದರೂ ಹೇಗೆ? ‘ನಾವಾದರೂ ಹಾಗೇ ಮಾಡಬೇಕು’ ಎಂದು ಮೇಷ್ಟ್ರು ಪೆನ್ಸಿಲಿನಲ್ಲಿ ಬರೆದಿದ್ದಾರೆ, ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ವಿಶ್ವನಾಥ್ ಭಾರತಕ್ಕೆ ನಾಯಕರಾದದ್ದು ಎರಡೇ ಟೆಸ್ಟ್‌ಗಳಲ್ಲಿ. ವಾಂಖೆಡೆಯದು ಎರಡನೆಯದು.